ಹಾರ್ಲೆಮ್‌ನ ಕಥೆಯ ತಾಸು

ಗ್ರಂಥಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುವ ಪದ್ಧತಿ ಅಮೆರಿಕದಲ್ಲಿ ಬೇರುಬಿಟ್ಟದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗವನ್ನು 1906ರಿಂದ ನೋಡಿಕೊಂಡ ಆ್ಯನ್ ಕ್ಯಾರೊಲ್ ಮೂರ್ ಅದಕ್ಕೊಂದು ಕಟ್ಟುಪಾಡು ತಂದರು. ಅಲ್ಲಿ ಪುಸ್ತಕ ಹಿಡಿದು ಓದುವಂತಿರಲಿಲ್ಲ. ಹೇಳುವವರು ಕಥೆಯನ್ನು ಮೊದಲೇ ಮನನ ಮಾಡಿಕೊಂಡು ಬರಬೇಕು. ಮೇಣದಬತ್ತಿ ಹಚ್ಚಿ ಶುರುಮಾಡುವರು. ಕಥೆ ಮುಗಿದ ಮೇಲೆ ಮಕ್ಕಳು ಮನಸ್ಸಿನಲ್ಲೇ ಏನನ್ನಾದರೂ ಬೇಡಿಕೊಂಡು ಅದನ್ನು ಆರಿಸುವರು. ಹೇಳುವ ಕಥೆ ಅಚ್ಚಾದ ಪುಸ್ತಕದ್ದೇ ಆಗಿರಬೇಕೆಂಬುದು ಇನ್ನೊಂದು ನಿಯಮ. ಕೇಳಿದ ಮಗು ಆ ಪುಸ್ತಕವನ್ನು ಹುಡುಕಿಕೊಂಡು ಹೋಗಲು ಇದರಿಂದ ಅನುಕೂಲವೇನೋ ಇತ್ತು. ಆದರೆ ಯಾರ ಕಥೆ ಅಚ್ಚಾಗಿಯೇ ಇಲ್ಲವೋ ಅವರ ಮಕ್ಕಳು ಏನು ಕೇಳಬೇಕು?

ಈ ತೊಡಕನ್ನು ಮೊದಲು ಎದುರಿಸಿದವರಲ್ಲಿ ಪುರಾ ಬೆಲ್‌ಪ್ರೆ ಒಬ್ಬರು. ಪೋರ್ಟೊ ರಿಕೊ ದ್ವೀಪದಿಂದ ಬಂದ ಅವರು 1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಶಾಖೆ ಸೇರಿದರು. ಆ ಗ್ರಂಥಾಲಯದ ಮೊದಲ ಪೋರ್ಟೊ ರಿಕನ್ ಉದ್ಯೋಗಿ. ಕಪಾಟಿನಲ್ಲಿ ನಾನಾ ದೇಶಗಳ ಜನಪದ ಕಥೆಗಳಿದ್ದವು, ತಮ್ಮ ದ್ವೀಪದ ಒಂದೂ ಇರಲಿಲ್ಲ. ಮಾರ್ಟಿನಾ ಎಂಬ ಜಿರಳೆ ಪೆರೆಜ್ ಎಂಬ ಇಲಿಯನ್ನು ಮದುವೆಯಾಗುವ ಕಥೆಯನ್ನು ಅವರು ಅಜ್ಜಿಯ ಬಾಯಲ್ಲಿ ಕೇಳಿದ್ದರು. ಅದನ್ನು ತಾವೇ ಬರೆದರು. 1932ರಲ್ಲಿ ಅದು ಪುಸ್ತಕವಾಯಿತು. ನಿಯಮವನ್ನು ಮುರಿಯುವುದಕ್ಕಿಂತ ನಿಯಮ ಕೇಳುವ ಪುಸ್ತಕವನ್ನೇ ಸೃಷ್ಟಿಸುವುದು ಗಟ್ಟಿ ಕೆಲಸ.

1929ರಲ್ಲಿ 115ನೇ ಬೀದಿಯ ಶಾಖೆಗೆ ಹೋದಾಗ ಆ ಸುತ್ತಮುತ್ತ ಸ್ಪ್ಯಾನಿಷ್ ಆಡುವ ಕುಟುಂಬಗಳು ನೆಲೆಸುತ್ತಿದ್ದವು. ಗ್ರಂಥಾಲಯವೆಂದರೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂದುಕೊಂಡಿದ್ದ ಜನ ಅವರು. ಬೆಲ್‌ಪ್ರೆ ಎರಡೂ ಭಾಷೆಗಳಲ್ಲಿ ಕಥೆ ಹೇಳಲು ತೊಡಗಿದರು, ಗೊಂಬೆಗಳನ್ನು ಕುಣಿಸಿದರು, ಜನವರಿ 6ರ ಮೂವರು ಅರಸರ ಹಬ್ಬವನ್ನು ಗ್ರಂಥಾಲಯದೊಳಗೇ ಆಚರಿಸಿದರು. ಚರ್ಚು, ಸಮುದಾಯ ಭವನಗಳಿಗೆ ತಾವೇ ಹೋಗಿ ಕಥೆ ಹೇಳಿದರು. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವವರಿಗೂ ಈ ದಾರಿ ಅಪರಿಚಿತವಾಗಬೇಕಿಲ್ಲ.

135ನೇ ಬೀದಿಯ ಶಾಖೆಗೆ 1937ರಲ್ಲಿ ಬಂದ ಅಗಸ್ಟಾ ಬೇಕರ್ ಕಂಡದ್ದು ಬೇರೆ ಬಗೆಯ ಸಮಸ್ಯೆ. ಕಪ್ಪು ಜನರ ಕುರಿತ ಪುಸ್ತಕಗಳು ಅಲ್ಲಿದ್ದವು, ಆದರೆ ಮಗುವಿನ ಕೈಗೆ ಕೊಡಲು ನಾಚಿಕೆಯಾಗುವಂಥವು: ಬೆಪ್ಪನಂತೆ ಹಲ್ಲುಕಿರಿಯುವ ಆಳುಗಳು, ಮುಖವನ್ನು ವಿಕಾರಗೊಳಿಸಿದ ಚಿತ್ರಗಳು, ನಗೆಪಾಟಲಿಗಾಗಿ ತಿರುಚಿದ ಮಾತು. ಬೇಕರ್ ಭಾಷೆ, ವಸ್ತು, ಚಿತ್ರ ಮೂರನ್ನೂ ಒರೆಗೆ ಹಚ್ಚಿ ಪುಸ್ತಕಗಳನ್ನು ಆಯ್ದರು. ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಹೆಸರಿನಲ್ಲಿ ಮಕ್ಕಳಿಗೊಂದು ಸಂಗ್ರಹ ರೂಪುಗೊಂಡಿತು. 1946ರಲ್ಲಿ ಆಯ್ದ ಪುಸ್ತಕಗಳ ಪಟ್ಟಿ ಹೊರಬಂತು. ಅದು ಮತ್ತೆ ಮತ್ತೆ ಪರಿಷ್ಕರಣೆಗೊಂಡಿತು. ಪಟ್ಟಿ ಮಾಡುವುದು ಗುಮಾಸ್ತರ ಕೆಲಸದಂತೆ ಕಾಣಬಹುದು. ಆದರೆ ಯಾವುದನ್ನು ಬಿಡಬೇಕೆಂದು ಕಾರಣ ಸಮೇತ ಹೇಳುವ ಪಟ್ಟಿ ಪ್ರಕಾಶಕರನ್ನೂ ಎಚ್ಚರಿಸುತ್ತದೆ. 1961ರಲ್ಲಿ ಬೇಕರ್ ಇಡೀ ಗ್ರಂಥಾಲಯದ ಮಕ್ಕಳ ಸೇವೆಗಳ ಮುಖ್ಯಸ್ಥೆಯಾದರು.

ಆಗಲೂ ಆಯ್ಕೆಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹಿಂದಿನ ಮೂರು ವರ್ಷಗಳ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣಿಸಿಕೊಂಡದ್ದು ಶೇ 6.7ರಷ್ಟರಲ್ಲಿ ಮಾತ್ರ. ಇಪ್ಪತ್ತು ವರ್ಷಗಳ ಬಳಿಕ, 1985ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಎಣಿಸಿದಾಗ ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು ಅಥವಾ ಚಿತ್ರಕಾರರದು ಹದಿನೆಂಟು. ಮಗುವಿಗೆ ಪುಸ್ತಕ ತನ್ನನ್ನು ತೋರುವ ಕನ್ನಡಿಯೂ ಆಗಬೇಕು, ಇತರರನ್ನು ತೋರುವ ಕಿಟಕಿಯೂ ಆಗಬೇಕು ಎಂದು ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ ಮಾತನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಬಿಳಿಯ ಮಕ್ಕಳಿಗೆ ಬರೀ ಕನ್ನಡಿಗಳೇ ಸಿಗುವುದೂ ಒಂದು ಕೊರತೆಯೆಂದು ಅವರು ತೋರಿಸಿಕೊಟ್ಟರು.

ಈಚಿನ ದಶಕಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳತ್ತಲೂ ಗಮನ ಹರಿದಿದೆ. ಕಿವಿ ಕೇಳಿಸದ ಮಕ್ಕಳಿಗಾಗಿ ಸಂಜ್ಞಾ ಭಾಷೆಯವರು ಕಥೆ ಹೇಳುವವರ ಪಕ್ಕದಲ್ಲೇ, ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲುತ್ತಾರೆ. ಆಟಿಸಂ ಇರುವ ಮಕ್ಕಳ ಕೂಟದಲ್ಲಿ ಸಂಖ್ಯೆ ಕಡಿಮೆ, ದೀಪ ಮಂದ. ಮೊದಲು ಹಾಡು, ಆಮೇಲೆ ಕಥೆ, ಕೊನೆಗೆ ಆಟ ಎಂಬ ಕ್ರಮವನ್ನು ಚಿತ್ರಗಳಲ್ಲಿ ಗೋಡೆಗೆ ಹಚ್ಚಿರುತ್ತಾರೆ. ನಡುವೆ ಎದ್ದು ಓಡಾಡಿದರೆ ಗದರುವವರಿಲ್ಲ. ಗಾಲಿಕುರ್ಚಿಯ ಮಗುವಿಗೆ ಹಿಂದಿನ ಸಾಲಲ್ಲ, ಎಲ್ಲರ ನಡುವೆಯೇ ಜಾಗ.

ಕಥೆಯ ಆಯ್ಕೆಯಲ್ಲಿ ಮಾತ್ರ ಹಳೆಯ ಚಾಳಿ ಇನ್ನೂ ಹೋಗಿಲ್ಲ. ಫೆಬ್ರವರಿಯ ಕಪ್ಪು ಇತಿಹಾಸ ಮಾಸದಲ್ಲಿ ಮಾತ್ರ ಕಪ್ಪು ಮಗುವಿನ ಕಥೆ, ಅದೂ ಹೋರಾಟದ್ದೇ, ಉಳಿದ ಹನ್ನೊಂದು ತಿಂಗಳು ಎಂದಿನಂತೆ. ಇದು ಸೇರಿಸಿಕೊಳ್ಳುವುದಲ್ಲ, ಅತಿಥಿಯಾಗಿ ಕರೆದು ಕಳುಹಿಸುವುದು. ಕಷ್ಟಕಾರ್ಪಣ್ಯದ ಕಥೆಗಳಷ್ಟೇ ಕೀಟಲೆಯ, ಸುಮ್ಮನೆ ಸಂತೋಷದ ಕಥೆಗಳೂ ಬೇಕು.

ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದಿ ಸ್ನೋಯಿ ಡೇ’ ಅಂಥದ್ದು. 1962ರಲ್ಲಿ ಬಂದ ಈ ಚಿತ್ರಪುಸ್ತಕದಲ್ಲಿ ಪೀಟರ್ ಎಂಬ ಪುಟ್ಟ ಕಪ್ಪು ಹುಡುಗ ಹಿಮದಲ್ಲಿ ಆಡುತ್ತಾನೆ, ಅಷ್ಟೆ. ಅವನ ಬಣ್ಣದ ಬಗ್ಗೆ ಪಠ್ಯದಲ್ಲಿ ಒಂದು ಮಾತೂ ಇಲ್ಲವೆಂದು ಕೆಲವರು ಆಕ್ಷೇಪಿಸಿದ್ದರು. ಮರುವರ್ಷ ಅದಕ್ಕೆ ಕಾಲ್ಡೆಕಾಟ್ ಪದಕ ಬಂತು. 2020ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ತನ್ನ 125 ವರ್ಷಗಳಲ್ಲಿ ಓದುಗರು ಅತಿ ಹೆಚ್ಚು ಸಲ ಮನೆಗೆ ಒಯ್ದ ಪುಸ್ತಕ ಯಾವುದೆಂದು ಲೆಕ್ಕ ಹಾಕಿತು. ಮೊದಲ ಸ್ಥಾನದಲ್ಲಿದ್ದದ್ದು ಪೀಟರ್‌ನ ಕಥೆ: 4,85,583 ಸಲ.