ಗಾಳಿಗೆ ಬಿದ್ದ ಬಾಳೆಗೊನೆಯ ಸದುಪಯೋಗ

ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಗೊನೆ ಹೊತ್ತ ಬಾಳೆಗಳು ಮುರಿದು ಬೀಳುವುದು ತೋಟವುಳ್ಳವರೆಲ್ಲರೂ ಬಲ್ಲ ಸಂಗತಿ. ಪೂರ್ತಿ ಬಲಿಯದ ಆ ಕಾಯಿಗಳು ಚೆನ್ನಾಗಿ ಹಣ್ಣಾಗವು. ಪೇಟೆಯಲ್ಲಿ ಬೆಲೆಯೂ ಬಾರದು. ಆದುದರಿಂದ ಅವನ್ನು ತಿಪ್ಪೆಗೆ ಹಾಕುವವರುಂಟು. ಇದು ಅನ್ನವನ್ನೇ ಚೆಲ್ಲಿದಂತೆ. ಹಣ್ಣಿನಲ್ಲಿ ಸಕ್ಕರೆಯಾಗತಕ್ಕ ಸಾರವು ಕಾಯಿಯಲ್ಲಿ ಪಿಷ್ಟದ ರೂಪದಲ್ಲಿರುವುದರಿಂದ, ಬೇಯಿಸಿದಲ್ಲಿ ಅದು ಆಲೂಗೆಡ್ಡೆಯಂತೆ ಹೊಟ್ಟೆ ತುಂಬುವ ಆಹಾರವಾಗುತ್ತದೆ. ಬೂದುಬಾಳೆಯು ಇದಕ್ಕೆ ಉತ್ತಮ. ಇತರ ಜಾತಿಗಳೂ ಆಗಬಹುದು. ತೀರ ಎಳೆಯ ಕಾಯಿಗಳು ಒಗರಾದುದರಿಂದ ದನಗಳಿಗೆ ಹಾಕತಕ್ಕವು.

ಮೊಸರುಬಜ್ಜಿ ಮಾಡುವ ಕ್ರಮ: 4 ಕಾಯಿಗಳನ್ನು ತೊಳೆದು, ಸಿಪ್ಪೆಸಹಿತ ಇಡಿಯಾಗಿ ನೀರಿನಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಹೀಗೆ ಮಾಡಿದರೆ ಸೊನೆಯು ಕೈಗೆ ಹತ್ತದು, ತಿರುಳೂ ಕಪ್ಪಾಗದು. ಬಿಸಿಯಿರುವಾಗಲೇ ಸುಲಿದು ನುಣ್ಣಗೆ ಹಿಸುಕಬೇಕು. ಆರಿದರೆ ಗಂಟುಗಳು ಉಳಿಯುವುವು. ತಣಿದ ಮೇಲೆ ಉಪ್ಪು, ಕಾಯಿತುರಿ, 2 ಬಟ್ಟಲು ಮೊಸರು ಸೇರಿಸಿ, ಸಾಸಿವೆ, ಹಸಿಮೆಣಸಿನಕಾಯಿ, ಇಂಗು, ಕರಿಬೇವುಗಳ ಒಗ್ಗರಣೆ ಕೊಡತಕ್ಕದ್ದು. ಅನ್ನ, ರೊಟ್ಟಿಗಳೆರಡಕ್ಕೂ ಇದು ಹೊಂದುತ್ತದೆ.

ಗೊನೆಗಳನ್ನು ಬಿದ್ದ ದಿನವೇ ಕಡಿದು ನೆರಳಿನಲ್ಲಿಟ್ಟರೆ ಕೆಲವು ದಿನ ಕೆಡವು. ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಮೊದಲು ತಮ್ಮ ಮನೆಗಳಲ್ಲಿ ಇದನ್ನು ಮಾಡಿಸಿ, ಮಿಕ್ಕ ಕಾಯಿಗಳನ್ನು ಆಳುಕಾಳುಗಳಿಗೆ ಹಂಚಿದಲ್ಲಿ, ಗಾಳಿಯಿಂದಾದ ನಷ್ಟದಲ್ಲಿ ಒಂದು ಪಾಲಾದರೂ ಊರಿನ ಊಟಕ್ಕೆ ಒದಗುವುದು.