ನಾಯಿಯ ಕಣ್ಣು ಕೆಟ್ಟರೆ

ಹೊಲ ಕಾಯುವ ನಾಯಿಗೆ ಕಣ್ಣುಬೇನೆ ಬಂದರೆ ‘ತಾನೇ ವಾಸಿಯಾದೀತು’ ಎಂದು ನಮ್ಮಲ್ಲಿ ಅನೇಕರು ಸುಮ್ಮನಿರುವುದುಂಟು. ನಾಯಿಯು ಒಂದೇ ಕಣ್ಣನ್ನು ಕಿರಿದುಮಾಡಿ, ಕಾಲಿನಿಂದ ಉಜ್ಜುತ್ತ, ನೀರು ಸುರಿಸುತ್ತಿದ್ದರೆ ಅಲ್ಲಿ ನೋವಿದೆಯೆಂದೇ ತಿಳಿಯಬೇಕು. ಜೋಳದ ರಾಶಿಯ ಕಾಲಕ್ಕೆ ಹೊಟ್ಟಿನ ಚೂರು, ಹುಲ್ಲಿನ ಮುಳ್ಳು ರೆಪ್ಪೆಯೊಳಗೆ ಸೇರಿ ಕರಿಗುಡ್ಡೆಯ ಮೇಲಿನ ತಿಳಿಪೊರೆಯನ್ನು ಗೀರುತ್ತವೆ. ಗೀರು ಹುಣ್ಣಾದರೆ ಕಣ್ಣು ಮಂಜುಗಟ್ಟಿ ಬೆಳ್ಳಗಾಗುತ್ತದೆ. ಕೆಲವೊಮ್ಮೆ ಒಂದೆರಡು ದಿನಗಳಲ್ಲಿಯೇ ತೂತು ಬೀಳುತ್ತದೆ.

ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮುಕ್ಕಾಲು ಚಹದ ಚಮಚ ಉಪ್ಪು ಕರಗಿಸಿ ಕಣ್ಣು ತೊಳೆಯಿರಿ. ನೆಟ್ಟ ಮುಳ್ಳನ್ನು ಮಾತ್ರ ಕೀಳಬೇಡಿರಿ. ಹೊಗೆಸೊಪ್ಪು ಅಗಿದು ಉಗುಳುವುದು, ಎಕ್ಕೆಯ ಹಾಲು ಬಿಡುವುದು ಚಿಕಿತ್ಸೆಯಲ್ಲ, ಹಿಂಸೆ. ಮನೆಯಲ್ಲಿ ಉಳಿದ ಹನಿಯೌಷಧವೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಇನ್ನೂ ಆಳಕ್ಕಿಳಿಯುತ್ತದೆ.

ಎರಡೂ ಕಣ್ಣುಗಳಲ್ಲಿ ಹಳದಿ ಗೀಜು, ಜೊತೆಗೆ ಮೂಗು ಸೋರಿಕೆ, ಜ್ವರ, ಕೆಮ್ಮು ಕಂಡರೆ ಡಿಸ್ಟೆಂಪರ್ ರೋಗದ ಸಂಶಯ. ಇದಕ್ಕೆ ಮರಿಯಿದ್ದಾಗಲೇ ಲಸಿಕೆ ಹಾಕಿಸಬೇಕು. ಉಣ್ಣೆ ಹತ್ತಿದ ನಾಯಿಯ ಕಣ್ಣೊಳಗೆ ರಕ್ತ ಕಂಡರೆ ಉಣ್ಣೆಯಿಂದ ಬರುವ ಜ್ವರವಿರಬಹುದು, ರಕ್ತಪರೀಕ್ಷೆ ಬೇಕು. ಏಳೆಂಟು ವರ್ಷ ದಾಟಿದ ನಾಯಿಯ ಎರಡೂ ಪಾಪೆಗಳು ತಿಳಿನೀಲಿಯಾಗಿ, ದಾರಿ ಮಾತ್ರ ಚೆನ್ನಾಗಿ ಕಾಣುತ್ತಿದ್ದರೆ ಅದು ಹೆಚ್ಚಾಗಿ ಮುಪ್ಪಿನ ಗುರುತು.

ಕಣ್ಣು ತೆರೆಯದಿದ್ದರೆ, ಬೆಳ್ಳಗಾದರೆ, ಗುಡ್ಡೆ ಉಬ್ಬಿದರೆ, ಒಮ್ಮೆಲೆ ಕುರುಡಾದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ಗುಡ್ಡೆ ಹೊರಬಿದ್ದಿದ್ದರೆ ಒದ್ದೆ ಬಟ್ಟೆ ಮುಚ್ಚಿರಲಿ. ನೋವಿಗೆ ಸಾಕಿದ ನಾಯಿಯೂ ಕಚ್ಚೀತು, ಎಚ್ಚರ. ಜತ್ತ, ಅಕ್ಕಲಕೋಟೆ ಕಡೆಯವರು ದವಾಖಾನೆಯಲ್ಲಿ ಮರಾಠಿ ಬಾರದೆಂದು ಹಿಂಜರಿಯುವುದು ಬೇಡ. ಬೇನೆ ಎಂದು ಶುರುವಾಯಿತು, ಏನು ಹಾಕಿದಿರಿ, ಇಷ್ಟನ್ನು ಶಾಲೆಗೆ ಹೋಗುವ ಹುಡುಗರಿಂದ ಚೀಟಿಯಲ್ಲಿ ಬರೆಯಿಸಿ ಒಯ್ದರೂ ಸಾಕು.