ಡಿಸ್ಕ್ ಕಾಣದಿದ್ದಾಗ ಹಾಜರಿ ಪುಸ್ತಕ ತೆರೆಯಿರಿ

ಬ್ಯಾಂಕಿನ ಖಾತೆಗಳಾಗಲಿ, ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳಾಗಲಿ, ಅಷ್ಟು ದೊಡ್ಡ ಮಾಹಿತಿಯನ್ನು ಸಾಮಾನ್ಯವಾಗಿ ಸರ್ವರ್‌ನ ಹೊಟ್ಟೆಯೊಳಗೆ ಇಡುವುದಿಲ್ಲ. ಅದು ಬೇರೊಂದು ಕಪಾಟಿನ ಡಿಸ್ಕ್ ರಾಶಿಯಲ್ಲಿರುತ್ತದೆ. ಎರಡನ್ನೂ ಫೈಬರ್ ಚಾನೆಲ್ ಸ್ವಿಚ್‌ಗಳು ಬೆಸೆಯುತ್ತವೆ. ಈ ಜಾಲವೇ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಸ್ಯಾನ್. ಒಂದು ದಿನ ಸರ್ವರ್‌ಗೆ ತನ್ನ ಡಿಸ್ಕ್ ಕಾಣದಾದರೆ ‘ನೇಮ್ ಸರ್ವರ್ ಕೆಟ್ಟಿದೆ, ಸ್ವಿಚ್ ರೀಬೂಟ್ ಮಾಡಿ’ ಎಂಬ ಮಾತು ಬಲು ಬೇಗ ಹೊರಡುತ್ತದೆ. ಆದರೆ ನೇಮ್ ಸರ್ವರ್ ತಾನಾಗಿ ಕೆಡುವುದು ಅಪರೂಪ. ಬೇರೆಲ್ಲೋ ಆದ ತಪ್ಪು ಅದರ ಪಟ್ಟಿಯಲ್ಲಿ ಬಂದು ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಯನ್ನು ಓದುವ ಮೊದಲೇ ಅಳಿಸಿಹಾಕುವುದು ದೊಡ್ಡ ತಪ್ಪು ಎಂಬುದು ನನ್ನ ವಾದ.

ನೇಮ್ ಸರ್ವರ್ ಎಂದರೆ ಸ್ವಿಚ್‌ನೊಳಗಿನ ಹಾಜರಿ ಪುಸ್ತಕ. ಪ್ರತಿ ಪೋರ್ಟಿಗೂ 64 ಬಿಟ್‌ಗಳ, ಅಂದರೆ 16 ಅಕ್ಷರಾಂಕಗಳ ಒಂದು ಹುಟ್ಟುಹೆಸರಿದೆ. ಸಾಧನವು ಜಾಲಕ್ಕೆ ಲಾಗಿನ್ ಆದಾಗ ಸ್ವಿಚ್ ಅದಕ್ಕೆ 24 ಬಿಟ್‌ಗಳ ವಿಳಾಸ ಕೊಡುತ್ತದೆ. ಅದರ ಮೊದಲ 8 ಬಿಟ್ ಆ ಸ್ವಿಚ್‌ನ ಡೊಮೇನ್ ಸಂಖ್ಯೆ. ಬಳಿಕ ಸಾಧನವು ನೇಮ್ ಸರ್ವರ್‌ನಲ್ಲಿ ತನ್ನ ಹೆಸರು, ವಿಳಾಸ, ಕೆಲಸದ ಬಗೆಯನ್ನು ಬರೆಸುತ್ತದೆ. ಸರ್ವರ್ ಬಂದು ‘ನನಗೆ ಸಿಗುವ ಡಿಸ್ಕ್‌ಗಳು ಯಾವುವು’ ಎಂದು ಕೇಳಿದರೆ, ಅದೇ ಝೋನ್‌ಗೆ, ಅಂದರೆ ಪರಸ್ಪರ ಕಾಣಬಹುದಾದ ಹುಟ್ಟುಹೆಸರುಗಳ ಗುಂಪಿಗೆ, ಸೇರಿದವುಗಳನ್ನಷ್ಟೇ ಪುಸ್ತಕ ತೋರಿಸುತ್ತದೆ.

ಹಾಗಾಗಿ ಡಿಸ್ಕ್ ಎಲ್ಲಿ ಕಳೆದುಹೋಯಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹಿಡಿಯಬಹುದು. ಸಿಸ್ಕೊ ಸ್ವಿಚ್‌ನಲ್ಲಿ ‘ಶೋ ಫ್ಲೋಗಿ ಡೇಟಾಬೇಸ್’ ಲಾಗಿನ್ ಆದವರನ್ನೂ ‘ಶೋ ಎಫ್‌ಸಿಎನ್‌ಎಸ್ ಡೇಟಾಬೇಸ್’ ಹೆಸರು ಬರೆಸಿದವರನ್ನೂ ತೋರಿಸುತ್ತವೆ. ಮೊದಲನೆಯದರಲ್ಲೇ ಸಾಧನವಿಲ್ಲದಿದ್ದರೆ ಕೇಬಲ್, ಆಪ್ಟಿಕ್ ಮಾಡ್ಯೂಲ್, ಪೋರ್ಟ್ ನೋಡಬೇಕು. ಲಾಗಿನ್ ಆಗಿಯೂ ಹೆಸರಿಲ್ಲದಿದ್ದರೆ ಅನುಮಾನ ಸರ್ವರ್ ಕಾರ್ಡಿನ ಡ್ರೈವರ್ ಮೇಲೆ. ಎರಡರಲ್ಲೂ ಇದ್ದು ಸರ್ವರ್‌ಗೆ ಮಾತ್ರ ಕಾಣದಿದ್ದರೆ ಝೋನ್ ತೆರೆಯಿರಿ: ಅಲ್ಲಿ ಬರೆದ ಹುಟ್ಟುಹೆಸರಿನ 16 ಅಕ್ಷರಾಂಕಗಳಲ್ಲಿ ಒಂದೇ ಒಂದು ತಪ್ಪಿದರೂ ಸಾಕು. ಬ್ರೊಕೇಡ್ ಸ್ವಿಚ್‌ನಲ್ಲಿ ‘ಎನ್‌ಎಸ್‌ಶೋ’ ತನ್ನ ಮನೆಯವರನ್ನೂ ‘ಎನ್‌ಎಸ್‌ಆಲ್‌ಶೋ’ ಇಡೀ ಜಾಲದವರನ್ನೂ ತೋರಿಸುತ್ತವೆ. ಪಕ್ಕದ ಸ್ವಿಚ್‌ನವರೆಲ್ಲ ಒಟ್ಟಿಗೇ ಮಾಯವಾಗಿದ್ದರೆ ನಡುವಿನ ಕೊಂಡಿ ಕಡಿದಿರಬಹುದು, ಅಥವಾ ಎರಡು ಸ್ವಿಚ್‌ಗಳಿಗೂ ಒಂದೇ ಡೊಮೇನ್ ಸಂಖ್ಯೆ ಇದ್ದು ಜಾಲ ಇಬ್ಭಾಗವಾಗಿರಬಹುದು. ಎಲ್ಲವೂ ಸರಿಯಿದ್ದೂ ಡಿಸ್ಕ್ ಕಾಣದಿದ್ದರೆ ಸ್ಟೋರೇಜ್ ಪೆಟ್ಟಿಗೆಯಲ್ಲಿ ಆ ಸರ್ವರ್‌ಗೆ ಅನುಮತಿ ಇದೆಯೇ ಎಂದು ನೋಡಬೇಕು. ನೇಮ್ ಸರ್ವರ್‌ಗೆ ಪೋರ್ಟ್‌ಗಳ ಪರಿಚಯವಿದೆಯೇ ಹೊರತು ಅವುಗಳ ಹಿಂದಿನ ಡಿಸ್ಕ್ ಭಾಗಗಳದ್ದಲ್ಲ.

ರೀಬೂಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದಲ್ಲ ಎಂದು ಕೇಳಬಹುದು. ನಿಜ, ಎಲ್ಲರೂ ಹೊಸದಾಗಿ ಲಾಗಿನ್ ಆಗುತ್ತಾರೆ, ಪುಸ್ತಕ ಹೊಸದಾಗುತ್ತದೆ. ಆದರೆ ಒಂದು ಸಾಧನಕ್ಕಾಗಿ ಆ ಸ್ವಿಚ್‌ನ ಎಲ್ಲರ ದಾರಿಯೂ ಕಡಿಯುತ್ತದೆ. ಡಿಸ್ಕ್‌ಗೆ ಬೇರೆ ಸ್ವಿಚ್ ಮೂಲಕ ಎರಡನೆಯ ದಾರಿ ಇದೆ ಎನ್ನುವವರು, ಅದು ಆಗಲೇ ಯಾರಿಗೂ ತಿಳಿಯದೆ ಸತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಪಟ್ಟಿಗಳನ್ನು ಉಳಿಸಿಕೊಂಡು ಆ ಒಂದು ಪೋರ್ಟನ್ನಷ್ಟೇ ಮುಚ್ಚಿ ತೆರೆದರೂ ಆ ಸಾಧನ ಮತ್ತೆ ಹಾಜರಿ ಹಾಕುತ್ತದೆ. ಸ್ವಿಚ್‌ನ ಸಾಫ್ಟ್‌ವೇರ್ ದೋಷಗಳೂ ಇಲ್ಲದಿಲ್ಲ. ಕೊಂಡಿ ಸರಿಯಿದ್ದೂ ಒಂದೇ ಜಾಲದ ಎರಡು ಸ್ವಿಚ್‌ಗಳ ಪಟ್ಟಿಗಳು ಬೇರೆಬೇರೆ ಮಾತಾಡಿದರೆ, ಆಗ ನೇಮ್ ಸರ್ವರ್ ಮೇಲೆ ಬೊಟ್ಟು ಮಾಡಲು ಕೈಯಲ್ಲಿ ಪುರಾವೆ ಇರುತ್ತದೆ.